ಗೇಟಿನ ಮೇಲಿನ ಆಫ್ರಿಕಾ

…ನಗಬೇಡ ಕಣೇ ಯೂಲಿನ್ಸೆ, ನನಗೆ ವಾಕರಿಕೆ ಬರ್ತಿದೆ! ಯೂನಿವರ್ಸಿಟಿ ಗೇಟಿನ ಮೇಲೆ ಮನೆಯಷ್ಟು ದೊಡ್ಡ ಬೋರ್ಡು, ಅದರಲ್ಲಿ ನೀನು, ಕೆಳಗೆ "ಆಫ್ರಿಕಾದಿಂದ ನಮ್ಮ ಮಲಾಂಗಿಗೆ"! ಪಪುವಾದ ಹುಡುಗಿ ಆಫ್ರಿಕಾದವಳು ಯಾವಾಗ ಆದಳು? ನಮ್ಮ ಮಲಾಂಗ್ ಊರಿನ ಹಾಗೆ ಪಪುವಾನೂ ಇಂಡೋನೇಷ್ಯಾದಲ್ಲೇ ಅಲ್ವಾ ಇರೋದು? ನಮ್ಮ ಸೆಕರ್ ಕೇಳ್ತಾಳೆ, "ಅಮ್ಮಾ, ನಮ್ಮನೆ ಅಕ್ಕ ಫಾರಿನ್ ಅಂತೆ, ಮತ್ತೆ ನನ್ನ ತಟ್ಟೆಯ ಸೋಯಾ ತೆಂಪೆ ಯಾಕೆ ಕದೀತಾಳೆ?" ಐದು ವರ್ಷದ ಕೂಸಿಗಿರೋ ಬುದ್ಧಿ ಆ ಕುಲಪತಿಗಿಲ್ಲ. ಥೂ!

ಜಗತ್ತಿನ ಯೂನಿವರ್ಸಿಟಿಗಳ ರ್‍ಯಾಂಕಿನಲ್ಲಿ ಮೇಲೆ ಹತ್ತಬೇಕಂತೆ. ಅದಕ್ಕೆ ಹೊರದೇಶದ ಮಕ್ಕಳು ಬೇಕಂತೆ. ನಿಮ್ಮನ್ನೆಲ್ಲ ಹಾಸ್ಟೆಲ್ಲಿಂದ ಎಬ್ಬಿಸಿದ್ರು, ಏಸಿ ಹಾಕಿಸಿದ್ರು, ಬಾಗಿಲಿಗೆಲ್ಲ ಇಂಗ್ಲಿಷ್ ಬರೆಸಿದ್ರು… ಬಂದೋರು ಯಾರು? ಹಲ್ಲಿಗಳು! ನೀನು ಟ್ರಂಕು ಹೊತ್ಕೊಂಡು ನನ್ನ ಬಾಡಿಗೆ ಕೋಣೆಗೆ ಬಂದೆ. ಆಮೇಲೆ ಅದೇ ಜನ, ಓಡಿಸಿದವಳನ್ನೇ ಕರೆದು, ಹೂವಿನ ಗೌನು ತೊಡಿಸಿ, "ಸಂಸ್ಕೃತಿ ದಿನ, ಸ್ವಲ್ಪ ನಗಮ್ಮಾ" ಅಂತ ಫೋಟೋ ಹೊಡ್ಕೊಂಡ್ರು. ಅಸಹ್ಯ ಕಣೇ, ಅಸಹ್ಯ!

ಕೊಡಿಲ್ಲಿ ನಿನ್ನ ಕಾಲೇಜು ಜಾಕೆಟ್ಟು. ಮತ್ತೆ ಬೆನ್ನಲ್ಲಿ ಬಿಚ್ಚಿದೆ… ಬೆಟ್ಟ ಹತ್ತಿದ ಭುಜ ನಿನ್ನದು. ನಾನು ಕಂಕುಳಿಗೆ ಕೂಡಿಸಿದ ತುಂಡು ಬಟ್ಟೆ ಮಾತ್ರ ಗಟ್ಟಿ ನೋಡು! ಈ ಊರಲ್ಲಿ ಇನ್ಯಾವ ಟೈಲರಿಗೆ ಹೊಳೀತು, ಹೇಳು?

ಏನು? ನಾಳೆ ದೂರು ಕೊಡ್ತೀಯಾ? ಪೇಪರಿನವರನ್ನೂ ಕರ್ಕೊಂಡು?… ಅಲ್ಲ, ತಾಳು. ದುಡುಕಬೇಡ. ಡಿಗ್ರಿ ಕೈಗೆ ಬರಲಿ ಮೊದಲು. ಅವರು ದೊಡ್ಡವರು, ನಾವು… ಯಾಕೆ ಹಾಗೆ ನೋಡ್ತೀಯ? ಈಗ ತಾನೇ ಥೂ ಅಂದವಳು ಅಂತಲಾ? ಥೂ ಅನ್ನೋದೇ! ಆದ್ರೆ… ಹೊಸ ಮಕ್ಕಳ ಜಾಕೆಟ್ಟು ಹೊಲಿಯೋ ಕೆಲಸ ಈ ಸಲ ನನಗೆ ಕೊಟ್ಟಿದ್ದಾರೆ, ಹೌದು. ಅದಕ್ಕೂ ಇದಕ್ಕೂ ಏನು ಸಂಬಂಧ?

ಎಲ್ಲಿಗೆ ಎದ್ದೆ? ಆ ದರಿದ್ರ ಗೌನು ಯಾಕೆ ತಂದೆ ಈಗ? ಉಚಿತವಾಗಿ ಕೊಟ್ರು ಅಂತ ಇಟ್ಕೊಂಡಿದ್ದೀಯಲ್ಲ, ಒಲೆಗೆ ಹಾಕು!… ಹೂಂ, ಯಾರೂ ಅಳತೆ ತಗೊಳ್ಳಲಿಲ್ಲ, ಆದ್ರೂ ಸರಿಯಾಗಿ ಕೂತಿತ್ತು. ಅದೃಷ್ಟ. ಕೆಲವು ಸಲ ಹಾಗಾಗುತ್ತೆ…

ಗೌನಿನ ತೋಳು ಯಾಕೆ ತಿರುಗಿಸ್ತೀಯ? ಬೆಳಕಿಗೆ ಹಿಡೀಬೇಡ…

ಜಾಕೆಟ್ಟಿನ ಪಕ್ಕ ಯಾಕೆ ಇಡ್ತೀಯ ಅದನ್ನ?

ಬಯ್ಯೇ ಬೇಕಾದ್ರೆ…

ಯೂಲಿನ್ಸೆ, ಕಂಕುಳಿಗೆ ತುಂಡು ಬಟ್ಟೆ… ಎಲ್ಲ ಟೈಲರ್‌ಗಳೂ ಕೂಡಿಸ್ತಾರೆ ಕಣೇ!