ಜಲಪಾತದ ಮೇಲಿನ ಮನೆ

ಬೆಟ್ಟದ ಬಸ್ ನಿಲ್ದಾಣದ ಸಾಲಿನಲ್ಲಿ ನನ್ನ ಮುಂದೆ ಪರಿಚಯವಿಲ್ಲದ ಅಕ್ಕ ತಂಗಿ ನಿಂತಿದ್ದರು; ಅಕ್ಕ ಆಗಷ್ಟೇ ಊರಿಂದ ಬಂದಿಳಿದಿದ್ದಳು. ಅವರ ತಾಯಿ ಪಕ್ಕದ ಬೆಂಚಿನಲ್ಲಿ ಕೂತಿದ್ದರು.

“ಅಮ್ಮ ಕಾಣ್ತಿಲ್ಲ ಅಂತ ನೀನು ಫೋನ್ ಮಾಡಿದಾಗಿಂದ ಜೀವ ಕೈಲಿ ಹಿಡ್ಕೊಂಡಿದ್ದೆ. ಎಲ್ಲಿ ಸಿಕ್ಕಿದ್ಲು, ಸರೋವರದ ಹತ್ರಾನಾ?”

“ಇಲ್ಲಕ್ಕ, ಜಲಪಾತದ ಮೇಲೆ, ಬುಡಕಟ್ಟಿನವರ ಮನೇಲಿ. ದಾರಿ ತಪ್ಪಿ, ಮಳೇಲಿ ನೆನೆದು ನಡುಗ್ತಿದ್ಲಂತೆ. ಅಲ್ಲಿನ ಅಜ್ಜಿ ತಮ್ಮ ಬಟ್ಟೆ ಉಡಿಸಿ ಒಲೆ ಮುಂದೆ ಕೂರಿಸಿದ್ರು.”

“ಅವರ ಭಾಷೆ ಅಮ್ಮನಿಗೆ ಬರಲ್ವಲ್ಲ?”

“ಅವರಿಗೂ ನಮ್ಮದು ಬರಲ್ಲ. ಆದ್ರೂ ಇಬ್ಬರ ಮಾತೂ ನಿಂತಿರಲಿಲ್ಲ. ಅಪ್ಪ ಹೋದ ಮೇಲೆ ಅಮ್ಮ ಅಷ್ಟು ನಕ್ಕಿದ್ದು ನಾನು ನೋಡೇ ಇಲ್ಲ.”

“ಬೈದ್ಯಾ?”

“ಬೈಯೋಕೆ ಹೋದವಳು ಪಕ್ಕದಲ್ಲೇ ಕೂತ್ಬಿಟ್ಟೆ.”

ಬಸ್ ಬಂತು. ತಾಯಿ ಏಳಲಿಲ್ಲ. “ನಾಳೆಯೂ ಬಸ್ ಇರುತ್ತಲ್ವಾ?” ಎಂದರು.

ಅಕ್ಕ ತಂಗಿ ಮುಖ ಮುಖ ನೋಡಿಕೊಂಡರು. ಆಮೇಲೆ ಬ್ಯಾಗು ಎತ್ತಿಕೊಂಡು ಸಾಲಿನಿಂದ ಹೊರಗೆ ನಡೆದರು.