ಹಿಂದಿನವರು ಏನಂದರು, ಮೊದಲು ಅದು ಹೇಳಿ

ಬಂದಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಭಾವನವರೇ, ಅವರ ಪಕ್ಕದಲ್ಲಿರುವ ಮಗಳೇ — ನಿಮ್ಮ ದುಃಖದ ಮುಂದೆ ನನ್ನ ಮಾತು ಎಷ್ಟರದು, ನನಗೆ ಗೊತ್ತು. ಆದರೂ ಮಾತಾಡುತ್ತೇನೆ. ಮಾತಾಡದೆ ಹೋದರೆ ಅಕ್ಕ ಬಯ್ಯುತ್ತಿದ್ದರು.

ನನ್ನ ಮುಖ ನಿಮ್ಮಲ್ಲಿ ಹೆಚ್ಚಿನವರಿಗೆ ಪರಿಚಯವಿಲ್ಲ. ನಾನು ರೇಡಿಯೊದ ಸೌಂಡ್ ಇಂಜಿನಿಯರ್. ಗಾಜಿನ ಆಚೆ ಅಕ್ಕ — ಒಡಹುಟ್ಟಿದವರಲ್ಲ, ಊರಿಗೆಲ್ಲ ಅಕ್ಕ — ಈಚೆ ನಾನು. ಬೆಳಗಿನ ಫೋನ್ ಕಾರ್ಯಕ್ರಮದಲ್ಲಿ ಅವರ ದನಿ ನೀವೆಲ್ಲ ಕೇಳಿದ್ದೀರಿ. ನಾನು ಅವರ ಕೈ ನೋಡಿಕೊಂಡು ಕೆಲಸ ಮಾಡಿದವನು. ಹೀಗೆ — ಬೆರಳು ತಿರುಗಿಸಿದರೆ ಮುಂದಿನ ಕರೆ ಕೊಡು ಅಂತ. ಹೀಗೆ ಗಂಟಲು ಮುಟ್ಟಿಕೊಂಡರೆ ಒಂದು ಹಾಡು ಹಾಕು, ನೀರು ಕುಡೀಬೇಕು ಅಂತ. ಹೀಗೆ ಹಣೆ ಚಚ್ಚಿಕೊಂಡರೆ — ಅದು ನನ್ನ ಬಗ್ಗೆ.

ಇವತ್ತು ನಾನು ಬಂದಿರುವುದು ಋಣ ಹೇಳಿಕೊಳ್ಳಲು. ನನ್ನ ತಂಗಿ ಇವತ್ತು ಜೀವಂತ ಇದ್ದಾಳೆ ಎಂದರೆ ಅದಕ್ಕೆ ಅಕ್ಕ ಕಾರಣ. ಇಷ್ಟು ವರ್ಷ ಇದನ್ನು ಎಲ್ಲೂ ಬಾಯಿ ಬಿಡಲಿಲ್ಲ. ಬಿಡಬಾರದು ಎಂದು ಅಕ್ಕನ ಕಟ್ಟಪ್ಪಣೆ. ನಿನ್ನೆ ತಂಗಿಯೇ ಬಂದು, "ಅಣ್ಣ, ನಾಳೆ ಹೇಳಿಬಿಡು, ಎಲ್ಲಾನೂ ಹೇಳು" ಎಂದಳು. ಆ ಧೈರ್ಯದ ಮೇಲೆ ನಿಂತಿದ್ದೇನೆ.

ಬೀಗದ ಕೈ ಬಳಗ — ನೆನಪಿದೆಯಾ? ಆ ಹ್ಯಾಕರ್‌ಗಳ ಗುಂಪು? ನೀರು ಸರಬರಾಜು ಕಚೇರಿಯ ಕಂಪ್ಯೂಟರಿಗೆ ನುಗ್ಗಿ, ಒಳಗಿದ್ದದ್ದನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿದವರು. ನಲ್ಲಿಯಲ್ಲಿ ಬರುವ ನೀರು ಕೆಟ್ಟಿದೆ ಎಂದು ಕಚೇರಿಗೆ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ಟಿದ್ದರು. ಅದರ ಬಗ್ಗೆ ಬರೆದವರ ಪುಟಗಳನ್ನು ತೆಗೆಸಲು ಓಡಾಡಿದ್ದರು. ಎಲ್ಲ ಬಯಲಾಯಿತು. ಊರಿಗೆ ಊರೇ ಚಪ್ಪಾಳೆ ತಟ್ಟಿತು. ಕ್ಷೌರದಂಗಡಿಯಲ್ಲಿ ಅವರದೇ ಮಾತು, ಬಸ್ಸಿನಲ್ಲಿ ಅವರದೇ ಮಾತು. ನಮ್ಮ ಲಿಫ್ಟಿನ ಗೋಡೆಯ ಮೇಲೂ ಯಾರೋ ಬೀಗದ ಕೈಯ ಚಿತ್ರ ಗೀಚಿದ್ದರು.

ಆದರೆ ಆ ಬಳಗ ಕಾಳು ಯಾವುದು, ಜೊಳ್ಳು ಯಾವುದು ಎಂದು ನೋಡಲಿಲ್ಲ. ಸಿಕ್ಕಿದ್ದನ್ನೆಲ್ಲ ಸುರಿದುಬಿಟ್ಟರು. ನಲ್ಲಿ ಕೆಟ್ಟಿದೆ ಎಂದು ದೂರು ಕೊಟ್ಟ ಸಾಮಾನ್ಯ ಜನರ ಹೆಸರು, ಫೋನ್ ನಂಬರು, ಮನೆ ವಿಳಾಸ — ಅದೂ ಅದರಲ್ಲೇ. ಕಂಡಕಂಡವರ ಫೋನು ಬರಲು ಶುರುವಾಯಿತು. ಮೊನ್ನೆ ಹಾರ ಹಿಡಿದವರು ಇವತ್ತು ಕಲ್ಲು ಹುಡುಕಿದರು. ಸರ್ಕಾರ ಸುಮ್ಮನಿರುತ್ತದೆಯೇ? ಹೊಸ ಕಾನೂನು ತರುತ್ತೇವೆ ಎಂದಿತು. ಇನ್ನು ಮುಂದೆ ಇಂಟರ್ನೆಟ್ಟಿನಲ್ಲಿ ಒಂದು ಸಾಲು ಬರೆಯಬೇಕಾದರೂ ಗುರುತಿನ ಚೀಟಿ ತೋರಿಸಬೇಕು, ಅಧಿಕಾರಿಗೆ ಬೇಡ ಅನ್ನಿಸಿದ ಪುಟ ಮುಚ್ಚಬೇಕು. ಕಾನೂನು ಬೇಕು ಅಂತ ಗಂಡ, ಬೇಡ ಅಂತ ಹೆಂಡತಿ. ಮನೆಮನೆಯಲ್ಲೂ ಜಗಳ.

ಆಗ ಅಕ್ಕ ತಮ್ಮ ಕಾರ್ಯಕ್ರಮದಲ್ಲಿ ಒಂದು ಪದ್ಧತಿ ತಂದರು. ಫೋನ್ ಮಾಡಿದವರು ತಮ್ಮ ಮಾತು ಶುರು ಮಾಡುವ ಮೊದಲು, ಅವರಿಗಿಂತ ಹಿಂದೆ ಮಾತಾಡಿದವರು ಏನಂದರು ಎಂದು ಹೇಳಬೇಕು. ಹೇಗೆ? ಆ ಹಿಂದಿನವರೇ "ಹೌದು, ನಾನಂದದ್ದು ಅದೇ" ಎಂದು ಒಪ್ಪುವ ಹಾಗೆ. ಆಮೇಲೆ ಎಷ್ಟು ಬೇಕಾದರೂ ಬಯ್ಯಲಿ.

ಮೊದಲ ದಿನವೇ ಸಿಕ್ಕಿಬಿದ್ದವರು ನಮ್ಮ ನಿವೃತ್ತ ಹೆಡ್‌ಮೇಷ್ಟ್ರು. ಅಗೋ, ಕಿಟಕಿ ಹತ್ತಿರ ಕೂತಿದ್ದಾರೆ. ನಗಬೇಡಿ ಸಾರ್, ಹೇಳಿಯೇ ತೀರುತ್ತೇನೆ. ಅವರಿಗಿಂತ ಮೊದಲು ಕಾಲೇಜು ಹುಡುಗಿಯೊಬ್ಬಳು ಹ್ಯಾಕರ್‌ಗಳ ಪರವಾಗಿ ಮಾತಾಡಿದ್ದಳು. ಮೇಷ್ಟ್ರು ಬಂದವರೇ, "ಇಂಥವರನ್ನೆಲ್ಲ ಕಂಬಕ್ಕೆ ಕಟ್ಟಿ —"

"ಅದಿರಲಿ ಸಾರ್. ಹಿಂದಿನವರು ಏನಂದರು, ಮೊದಲು ಅದು ಹೇಳಿ."

"ಅವಳ ಮಾತು ನಾನ್ಯಾಕಮ್ಮ ಹೇಳ್ಲಿ? ನನ್ನ ಮಾತು ಹೇಳೋಕೆ ಫೋನ್ ಮಾಡಿದ್ದು!"

"ಹುಡುಗಿ ಲೈನಲ್ಲೇ ಇದಾಳೆ. ಅವಳು ಒಪ್ಪೋ ಹಾಗೆ ಹೇಳಿ."

ಮೇಷ್ಟ್ರು ಗೊಣಗುತ್ತ ಏನೋ ಹೇಳಿದರು. ಹುಡುಗಿ, "ಅರ್ಧ ಬಿಟ್ರಿ ಸಾರ್" ಎಂದಳು. ಇನ್ನೊಮ್ಮೆ ಹೇಳಿದರು. "ಇನ್ನೂ ಸ್ವಲ್ಪ ಇದೆ ಸಾರ್." ಆಗ ಮೇಷ್ಟ್ರು — ನನಗಿನ್ನೂ ಕಿವಿಯಲ್ಲಿದೆ — "ಜೀವಮಾನವೆಲ್ಲ ಮಕ್ಕಳ ಹತ್ರ ಪಾಠ ಒಪ್ಪಿಸಿಕೊಂಡೋನು ಕಣಮ್ಮ ನಾನು! ಈಗ ನನ್ನ ಹತ್ರಾನೇ ಒಪ್ಪಿಸಿಕೊಳ್ತೀಯಲ್ಲ!" ಗಾಜಿನ ಆಚೆ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಮಾರನೆಯ ದಿನ ಮೊದಲ ಫೋನು ಮೇಷ್ಟ್ರದ್ದೇ. ಮಾತು ಬದಲಾಯಿತಾ? ಇಲ್ಲ. ಕಂಬ ಮಾತ್ರ ಬಿಟ್ಟಿದ್ದರು.

ಇನ್ನು — ತಂಗಿಯ ವಿಷಯ.

ಅವಳ ಗಂಡ ಹೊಡೆಯುತ್ತಿದ್ದ. ಒಂದು ದಿನ ಅವಳು ಉಟ್ಟ ಬಟ್ಟೆಯಲ್ಲೇ ಹೊರಟು ಬಂದು, ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಳು. ನನ್ನೊಬ್ಬನನ್ನು ಬಿಟ್ಟು ಯಾರಿಗೂ ವಿಳಾಸ ಗೊತ್ತಿರಲಿಲ್ಲ. ಆ ಕೋಣೆಯ ನಲ್ಲಿ ಸೋರುತ್ತಿತ್ತು. ಅವಳು ಕಚೇರಿಗೆ ದೂರು ಕೊಟ್ಟಿದ್ದಳು.

ಮುಂದಿನದು ನಿಮಗೇ ಅರ್ಥವಾಗಿರಬೇಕು.

ಗಂಡನಿಂದ ಒಂದು ಮೆಸೇಜು ಬಂತಂತೆ. "ಮನೆ ಸಿಕ್ಕಿತು" — ಅಷ್ಟೇ. ಅವಳು ನನಗೆ ಫೋನ್ ಮಾಡಿದಳು. ಸ್ಟುಡಿಯೊದಲ್ಲಿ ನನ್ನ ಫೋನು ಬಂದ್. ಮತ್ತೆ ಮಾಡಿದಳು, ಮತ್ತೆ ಬಂದ್. ಕೊನೆಗೆ ಕಾರ್ಯಕ್ರಮದ ನಂಬರಿಗೇ ಮಾಡಿದಳು. ಫೋನ್ ಎತ್ತುವ ಹುಡುಗಿಗೆ ಏನು ಗೊತ್ತು? ಇವಳನ್ನೂ ಸಾಲಿಗೆ ಸೇರಿಸಿದಳು. ನಾನು ಗುಂಡಿ ಒತ್ತಿದೆ. ದನಿ ಕೇಳಿದ ಕೂಡಲೇ ಕುರ್ಚಿ ಹಿಂದಕ್ಕೆ ತಳ್ಳಿದೆ.

ದನಿಯ ನಡುಕ ಕೇಳಿ ಅಕ್ಕ, "ಹಿಂದಿನವರದು ಬೇಡಮ್ಮ, ನಿಮ್ಮದು ಹೇಳಿ" ಎಂದರು. ಅವಳು ಏನಂದಳು ಗೊತ್ತಾ? "ಇಲ್ಲ ಅಕ್ಕ, ಹೇಳ್ತೀನಿ. ಹಿಂದಿನವರು ಹ್ಯಾಕರ್‌ಗಳಿಂದ ಒಳ್ಳೇದಾಯ್ತು ಅಂದ್ರು. ಸರಿನೇ. ಕಚೇರಿಯೋರು ಸುಳ್ಳು ಹೇಳಿದ್ರು, ಅದು ಬಯಲಾಗ್ಬೇಕಿತ್ತು. ಆ ನೀರು ನಾನೂ ಕುಡ್ದಿದೀನಿ. ಆದ್ರೆ ಹೊಡೆಯೋ ಗಂಡನ್ನ ಬಿಟ್ಟು ಬಚ್ಚಿಟ್ಕೊಂಡಿದ್ದೆ ಅಕ್ಕ. ನಲ್ಲಿ ಸೋರುತ್ತೆ ಅಂತ ದೂರು ಕೊಟ್ಟಿದ್ದೆ. ಈಗ ನನ್ನ ವಿಳಾಸ ಅವನ ಕೈಲಿದೆ. ಬಾಗಿಲು ಹಾಕ್ಕೊಂಡು ಕೂತಿದೀನಿ."

ನಾನು ಎದ್ದು ನಿಂತಿದ್ದೆ. ಅಕ್ಕ ನನ್ನ ಮುಖ ನೋಡಿದರು. ಅದು ನನ್ನ ತಂಗಿ ಎಂದು ನಾನು ಹೇಳದೆಯೇ ಅವರಿಗೆ ತಿಳಿಯಿತು. ಬಾಯಲ್ಲಿ ತಂಗಿಗೆ ಸಮಾಧಾನ ಹೇಳುತ್ತಲೇ ಕಾಗದದ ಮೇಲೆ ಬರೆದು ಗಾಜಿಗೆ ಒತ್ತಿ ಹಿಡಿದರು: "ಹೋಗು, ಕರ್ಕೊಂಡು ಬಾ. ನಿನ್ನ ಮನೆಗೆ ಬೇಡ, ನಮ್ಮನೆಗೆ." ನನ್ನ ಮನೆ ಅವಳ ಗಂಡನಿಗೆ ಗೊತ್ತಿತ್ತಲ್ಲ! ನನಗೆ ಹೊಳೆದಿರಲಿಲ್ಲ. ಕಾರ್ಯಕ್ರಮ ನಡೆಸುತ್ತಲೇ ಅವರಿಗೆ ಹೊಳೆದಿತ್ತು.

ಸಹಾಯಕನನ್ನು ಕೂರಿಸಿ ಕಾರಿಗೆ ಓಡಿದೆ. ದಾರಿಯಲ್ಲಿ ರೇಡಿಯೊ ಹಾಕಿದೆ. ಮುಂದಿನ ಕರೆಯವನು ಹೇಳುತ್ತಿದ್ದ — "ನಾನು ಬೀಗದ ಕೈ ಬಳಗದವನು. ಸ್ವಾತಂತ್ರ್ಯ ಅಂದ್ರೆ ಅದಕ್ಕೊಂದು ಬೆಲೆ —"

"ಹಿಂದಿನವರು ಏನಂದರು, ಮೊದಲು ಅದು ಹೇಳಿ."

ರೇಡಿಯೊ ನಿಂತುಹೋಯಿತು. ಕೆಟ್ಟಿತು ಎಂದುಕೊಂಡು ಅದರ ತಲೆಗೊಂದು ಬಿಟ್ಟೆ. ಕೆಟ್ಟಿರಲಿಲ್ಲ. ಅವನು ಮಾತಾಡುತ್ತಿರಲಿಲ್ಲ. ಅಕ್ಕ ಹಾಡು ಹಾಕಿಸಲಿಲ್ಲ. ಕಾದರು. ಊರೆಲ್ಲ ಕಾಯಿತು.

"ಅವರು... ನಲ್ಲಿ ಸೋರುತ್ತೆ ಅಂತ ದೂರು ಕೊಟ್ಟಿದ್ರು."

"ಆಮೇಲೆ?"

"ಈಗ ಬಾಗಿಲು ಹಾಕ್ಕೊಂಡು ಕೂತಿದಾರೆ."

"ಯಾಕೆ?"

ಕೊನೆಗೆ — "ನಮ್ಮಿಂದ."

ಮಧ್ಯಾಹ್ನದೊಳಗೆ ಆ ಬಳಗ ಜನರ ವಿಳಾಸಗಳನ್ನು ತೆಗೆದುಹಾಕಿತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಷ್ಟರಲ್ಲಿ ಎಷ್ಟು ಫೋನುಗಳಿಗೆ ಹೋಗಿತ್ತೋ! ತಂಗಿಯ ಗಂಡ ಅದೇ ದಿನ ಆ ಕೋಣೆಯ ಬಾಗಿಲು ಮುರಿದ. ಕೈಯಲ್ಲಿ ಕತ್ತಿ ಇತ್ತು ಎಂದು ಅಕ್ಕಪಕ್ಕದವರು ಪೊಲೀಸರಿಗೆ ಹೇಳಿದರು. ಒಳಗೆ ಸೋರುವ ನಲ್ಲಿ ಬಿಟ್ಟು ಬೇರೇನೂ ಇರಲಿಲ್ಲ. ತಂಗಿ ಅಷ್ಟೊತ್ತಿಗೆ ಅಕ್ಕನ ಮನೆಯ ಮಹಡಿಯಲ್ಲಿ ಚಹಾ ಕುಡಿಯುತ್ತಿದ್ದಳು. ಭಾವ ಕನ್ನಡಕದ ಅಂಗಡಿಗೆ ಬೀಗ ಹಾಕಿ ಬಂದು, ಯಾರು, ಎತ್ತ ಎಂದು ಒಂದು ಮಾತು ಕೇಳದೆ, ಹೊಸಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

ಕೆಲವು ದಿನ ಬಿಟ್ಟು ಅಧಿಕಾರಿಗಳು ಬಂದು ಆ ಹ್ಯಾಕರ್‌ನ ಫೋನ್ ನಂಬರು ಕೇಳಿದರು. "ನಮಗೆ ಫೋನ್ ಮಾಡಿದವರ ನಂಬರು ಕೊಡೋದು ನಮ್ಮಲ್ಲಿಲ್ಲ. ಕೋರ್ಟು ಹೇಳಲಿ, ನೋಡೋಣ" ಎಂದರು ಅಕ್ಕ. ನನಗೆ ಮೈಯೆಲ್ಲ ಉರಿಯಿತು. ಅವನನ್ನು ಯಾಕೆ ಕಾಪಾಡುತ್ತೀರಿ ಎಂದು ಕೂಗಾಡಿದೆ. ಅವರು ನಿಧಾನವಾಗಿ ಹೇಳಿದರು: "ಅವನನ್ನಲ್ಲ ಕಣೋ. ನಾವು ನಂಬರು ಕೊಡ್ತೀವಿ ಅಂತ ಗೊತ್ತಿದ್ರೆ ಅವತ್ತು ನಿನ್ನ ತಂಗಿ ನಮಗೆ ಫೋನ್ ಮಾಡ್ತಿದ್ಲಾ? ಗುರುತಿನ ಚೀಟಿ ತೋರಿಸಿ ಬರೀರಿ ಅಂದ್ರೆ, ಮೊದಲು ಬಾಯಿ ಮುಚ್ಚೋದು ನಿನ್ನ ತಂಗಿಯಂಥೋರೇ." ನನ್ನ ಸಿಟ್ಟು ಆ ದಿನ ಇಳಿಯಲಿಲ್ಲ. ಮಾತು ಮಾತ್ರ ಒಳಗೆ ಇಳಿಯಿತು.

ಅಕ್ಕ ಆ ಕಾನೂನು ಬೇಡ ಎಂದೇ ಕೊನೆಯವರೆಗೂ ವಾದಿಸಿದರು. ಕಳ್ಳರ ಪರ ಎಂದು ಬಯ್ಸಿಕೊಂಡರು. ಒಬ್ಬರಂತೂ ಪ್ರಸಾರದಲ್ಲೇ, "ನಿಮ್ಮನೇಲಿ ಹೀಗಾಗಿದ್ರೆ ಗೊತ್ತಾಗ್ತಿತ್ತು!" ಎಂದರು. ನಾನು ಗಾಜಿನ ಈಚೆಯಿಂದ ಅಕ್ಕನ ಬಾಯನ್ನೇ ನೋಡಿದೆ. ಅವರ ಮನೆಯಲ್ಲೇ ಆಗಿತ್ತಲ್ಲ! ಮಹಡಿಯ ಮೇಲೆ ನನ್ನ ತಂಗಿ ಅದೇ ಕಾರ್ಯಕ್ರಮ ಕೇಳುತ್ತ ಕೂತಿದ್ದಳು. ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು, ಊರು ತಲೆ ಬಾಗುತ್ತಿತ್ತು. ಅಕ್ಕ, "ನಿಜ, ನನಗೂ ಸಿಟ್ಟು ಬರ್ತಿತ್ತು" ಎಂದು ಬೆರಳು ತಿರುಗಿಸಿದರು — ಮುಂದಿನ ಕರೆ. ಗೆಲ್ಲುವುದಕ್ಕಾಗಿ ಕೂಡ ಅವಳನ್ನು ಬೀದಿಗೆ ತರಲಿಲ್ಲ. ಅಕ್ಕ, ಇದಕ್ಕೆ ನಾನು ಯಾವ ಬಾಯಲ್ಲಿ ಥ್ಯಾಂಕ್ಸ್ ಹೇಳಲಿ?

ಆ ಕಾನೂನು ಅರ್ಧ ಬಂತು, ಅರ್ಧ ನಿಂತಿತು. ಜಗಳ ಇನ್ನೂ ಮುಗಿದಿಲ್ಲ, ಮುಗಿಯುವುದೂ ಬೇಡ. ಬಾಗಿಲು ಮುರಿದ ಆ ಗಂಡನಿಗೆ ಶಿಕ್ಷೆಯಾಯಿತು. ತಂಗಿ ಕೆಲಸ ಹಿಡಿದಳು. ಅವಳದೇ ಒಂದು ಮನೆ ಮಾಡಿಕೊಂಡಳು. ಹೋದ ವರ್ಷ ಬಾಗಿಲಿಗೆ ಹೆಸರಿನ ಫಲಕ ಹಾಕಿಸಿದಳು — ದೊಡ್ಡ ಅಕ್ಷರದಲ್ಲಿ, ಬೀದಿಯ ಆ ತುದಿಗೂ ಕಾಣುವ ಹಾಗೆ. ಅಕ್ಕ ಹೋಗಿ ಅದರ ಮುಂದೆ ನಿಂತು, ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದರು.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ಅಕ್ಕನನ್ನು ಒಪ್ಪಿದವರೂ ಏಳಿ, ಅವರ ಜೊತೆ ಜಗಳವಾಡಿದವರೂ ಏಳಿ. ಮೇಷ್ಟ್ರೇ, ನಿಧಾನ, ಕೈ ಹಿಡಿದುಕೊಳ್ಳಿ. ಒಂದು ನಿಮಿಷ ಎಲ್ಲರೂ ಅವರಿಗಾಗಿ ಸುಮ್ಮನಿರೋಣ.

ತಂಗೀ — ಹಿಂದೆ ಬಾಗಿಲ ಹತ್ತಿರ ಯಾಕಮ್ಮ ನಿಂತಿದೀಯ? ಮುಂದೆ ಬಾ. ಎಲ್ಲರಿಗೂ ಕಾಣುವ ಹಾಗೆ ನಿಲ್ಲು.