‘ಕೆಂಪು ಬಾಳಿ’ಯ ಕೊನೆಯ ಹದಿನಾರು ಎಣಿಕೆ

ವೇದಿಕೆಯ ಮೇಲಿರುವ ಹಿರಿಯರಿಗೆ, ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಬಂದು ಮುಂದಿನ ಸಾಲಿನಲ್ಲಿ ಕೂತಿರುವ ಕಪಿಲಣ್ಣನ ತಾಯಿ ಭೀಮಬಾಯಿ ಅವ್ವನವರಿಗೆ, ಮಡದಿ ಸುಜಾತಕ್ಕನಿಗೆ, ಮಗಳು ಮಾಯಾಗೆ, ಕೆಲಸ ಬಿಟ್ಟು ಬಂದ ನಿಮ್ಮೆಲ್ಲರಿಗೆ — ಶರಣು, ಜೈಭೀಮ್, ಸಲಾಮ್. ನಮ್ಮ ಬ್ಯಾಂಡಿನಲ್ಲಿ ಮೂರೂ ನಡೆಯುತ್ತಿತ್ತು. ಕಪಿಲಣ್ಣ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು.

ನಾನು ವಿದ್ಯಾವತಿ. ಖೂಬಾ ಪ್ಲಾಟ್‌ನವಳು. ಕಪಿಲಣ್ಣನ ‘ಬಿಸಿಲು’ ಬ್ಯಾಂಡಿನಲ್ಲಿ ಒಂಬತ್ತು ವರ್ಷದಿಂದ ಕೀಬೋರ್ಡ್ ನುಡಿಸುತ್ತೇನೆ. ನುಡಿಸುತ್ತಿದ್ದೆ — ಯಾವುದನ್ನು ಹೇಳಬೇಕೋ ಹದಿಮೂರು ದಿನದಿಂದ ತಿಳಿಯುತ್ತಿಲ್ಲ. ಮೂರನೇ ಸಾಲಿನಲ್ಲಿ ನಮ್ಮ ತಾಯಿಯ ತೊಡೆಯ ಮೇಲಿರುವ ಏಳು ತಿಂಗಳ ಕೂಸು ನನ್ನದು. ನಡುವೆ ಅತ್ತರೆ ಸಹಿಸಿಕೊಳ್ಳಿ. ಆ ಅಳುವಿಗೂ ನಾನು ಹೇಳಲು ಬಂದಿರುವುದಕ್ಕೂ ಸಂಬಂಧವಿದೆ. ಸರಿಯಾಗಿ ನಿದ್ದೆ ಮಾಡಿ ಬಹಳ ದಿನವಾಗಿದೆ, ಮಾತು ಎಲ್ಲಾದರೂ ಗಡುಸಾದರೆ ಕ್ಷಮಿಸಿ.

ಮೊದಲು ನನ್ನ ಹಿಂದಿರುವ ಈ ಬ್ಯಾನರ್ ನೋಡಿ. ‘ಸುಗಮ ಸಂಗೀತದ ಗಾಯಕ ದಿವಂಗತ ಕಪಿಲ ಅವರಿಗೆ ನುಡಿನಮನ’ ಎಂದು ಬರೆದಿದೆ. ಕಪಿಲಣ್ಣ ಗಾಯಕರಾಗಿರಲಿಲ್ಲ. ಒಂದು ಸಾಲೂ ಹಾಡಿದವರಲ್ಲ. ಹಾಡಿ ಎಂದು ಯಾರಾದರೂ ಒತ್ತಾಯ ಮಾಡಿದರೆ, “ನನ್ನ ದನಿ ಕೇಳಿದ್ರ ನಮ್ಮೂರ ಎಮ್ಮಿ ಹಾಲು ಕೊಡೂದು ಬಿಡ್ತಾವ್ರೀ” ಎಂದು ಕೈ ಮುಗಿಯುತ್ತಿದ್ದರು. ನನಗಿಂತ ಮುಂಚೆ ಮಾತಾಡಿದವರೊಬ್ಬರು ಅವರ ತಬಲಾ ಕೈಚಳಕವನ್ನು ಹೊಗಳಿದರು. ತಬಲಾ ಮುಟ್ಟಿದ್ದನ್ನು ನಾನು ನೋಡಿಲ್ಲ. ಇಪ್ಪತ್ತು ವರ್ಷ ಈ ಊರಿನ ಒಂದು ಗಣೇಶ ಮಂಟಪ, ಒಂದು ಜಯಂತಿ, ಒಂದು ಕಾಲೇಜು ಬಿಡಲಿಲ್ಲ ಆ ಮನುಷ್ಯ. ಆದರೂ ಏನು ಬಾರಿಸುತ್ತಿದ್ದರು ಎನ್ನುವುದು ನಮಗೆ ಗೊತ್ತಿಲ್ಲ.

ಬೇಸ್ ಗಿಟಾರ್. ನಾಲ್ಕು ದಪ್ಪ ತಂತಿ. ಅದರ ಮೇಲೆ ಫಂಕ್ ಬಾರಿಸುತ್ತಿದ್ದರು.

ಫಂಕ್ ಎಂದರೆ ಏನು ಎಂದು ಭೀಮಬಾಯಿ ಅವ್ವ ಮೊನ್ನೆ ನನ್ನನ್ನು ಕೇಳಿದರು. ಅಮೆರಿಕದ ಕಪ್ಪು ಜನ ಕಟ್ಟಿದ ಕುಣಿತದ ಸಂಗೀತ, ಅವ್ವ. ಅದರಲ್ಲಿ ರಾಗಕ್ಕಿಂತ ಏಟು ಮುಂದೆ. ನಾಲ್ಕು ಎಣಿಕೆಯಲ್ಲಿ ‘ಒಂದು’ ಅನ್ನುವುದು ನೆಲಕ್ಕೆ ಗಟ್ಟಿಯಾಗಿ ಬೀಳಬೇಕು. ಉಳಿದ ಮೂರರಲ್ಲಿ ಹೇಗೆ ಬೇಕಾದರೂ ಆಡಬಹುದು. ಕಪಿಲಣ್ಣ ಸೂಪರ್ ಮಾರ್ಕೆಟ್ ಹತ್ತಿರ ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದಾಗ, ಯಾರೋ ರಿಪೇರಿಗೆ ಕೊಟ್ಟ ಟೇಪಿನೊಳಗೆ ಫಂಕ್ ಕ್ಯಾಸೆಟ್ ಒಂದನ್ನು ಮರೆತು ಹೋಗಿದ್ದರಂತೆ. ಟೇಪು ಸರಿಯಾಯಿತೋ ಇಲ್ಲವೋ ನೋಡಲು ಕಪಿಲಣ್ಣ ಅದನ್ನು ಹಾಕಿದರು. ಹಾಕಿದವರು ಆ ದಿನ ಬೇರೆ ಯಾವ ಟೇಪನ್ನೂ ಮುಟ್ಟಲಿಲ್ಲ. ಅವರ ತಂದೆ ಭೀಮಶಾ ಅವರು ಕಮಲಾಪುರದಲ್ಲಿ ಹಲಗಿ ಬಾರಿಸುತ್ತಿದ್ದರು. ಆ ಕ್ಯಾಸೆಟ್ಟಿನಲ್ಲಿ ಕೇಳಿಸಿದ್ದು ತಮ್ಮ ಅಪ್ಪನ ಕೈಯೇ ಎಂದು ಅವರಿಗೆ ಅನಿಸಿತಂತೆ. ಒಮ್ಮೆ ನನಗೆ ಹೇಳಿದ್ದರು — “ಅಪ್ಪ ಹಲಗಿಗಿ ಕಡ್ಡಿಲಿಂದ ಹೊಡೀತಿದ್ದ, ನಾ ತಂತಿಗಿ ಹೆಬ್ಬಟ್ಟಲಿಂದ ಹೊಡೀತೀನಿ. ಇಷ್ಟೇ ಫರಕ್, ತಂಗಿ.”

ಹೀಗೆ, ಈ ಹೆಬ್ಬೆರಳಿನ ಪಕ್ಕದಿಂದ. ಅಲ್ಲಿ ಚರ್ಮ ಜಡ್ಡುಗಟ್ಟಿತ್ತು. ನನ್ನ ಕೂಸಿನ ಗಲ್ಲ ಮುಟ್ಟುವಾಗ ಆ ಬೆರಳನ್ನು ಮಡಚಿಕೊಳ್ಳುತ್ತಿದ್ದರು.

ನಾವು ಅವರನ್ನು ಎಲ್ಲಿ ಕೂರಿಸಿದೆವು? ಸ್ಪೀಕರ್ ಡಬ್ಬಿಯ ಹಿಂದೆ. ಪ್ರತಿ ಕಾರ್ಯಕ್ರಮದಲ್ಲೂ ಒಬ್ಬರು ಬಂದು ಮೈಕ್‌ನವನಿಗೆ ಹೇಳುತ್ತಿದ್ದರು, ಆ ಧಮ್ ಧಮ್ ಕಡಿಮೆ ಮಾಡು, ಹಿರಿಯರಿಗೆ ಎದೆ ಹೊಡೆದುಕೊಳ್ಳುತ್ತದೆ ಎಂದು. ಮೈಕ್‌ನವನು ಕಡಿಮೆ ಮಾಡುತ್ತಿದ್ದ. ಕಪಿಲಣ್ಣ ನಗುತ್ತಿದ್ದರು. ಅವರ ಆ ನಗು — ಕ್ಷಮಿಸಿ ಸುಜಾತಕ್ಕ — ನನಗೆ ಆಗುತ್ತಿರಲಿಲ್ಲ.

ಅವರು ಸ್ವಂತ ಕಟ್ಟಿದ್ದು ಒಂದೇ ಒಂದು. ಹೆಸರು ‘ಕೆಂಪು ಬಾಳಿ’. ತಮ್ಮೂರಿನ ಬಾಳೆಹಣ್ಣಿನ ಹೆಸರು. ಏಳು ನಿಮಿಷದ್ದು, ಮಾತಿಲ್ಲ. ಈ ಸಭೆಯಲ್ಲಿ ಅರ್ಧ ಜನ ಅದನ್ನು ಕೇಳಿದ್ದೀರಿ. ಅದರ ಕೊನೆಯನ್ನು ಒಬ್ಬರೂ ಕೇಳಿಲ್ಲ. ಯಾಕೆ ಕೇಳಿಲ್ಲ ಎಂದು ಹೇಳುವುದಕ್ಕೇ ನಾನು ಇಲ್ಲಿ ನಿಂತಿದ್ದೇನೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಸಾಹೇಬರು ಯಾವಾಗ ಬಂದರೂ ವೇದಿಕೆಯ ಮೇಲೆ ಏನು ನಡೆದಿದ್ದರೂ ನಿಲ್ಲಬೇಕು. ಮೊದಲು ಒಂದು ಚೀಟಿ ಬರುತ್ತದೆ. ಆಮೇಲೆ ನಿರೂಪಕರು ಬರುತ್ತಾರೆ. ಆಮೇಲೆ ಶಾಲು, ಹಾರ, ಬುಟ್ಟಿ ಹಣ್ಣು. ಶರಣಸಿರಸಗಿಯಲ್ಲಿ ಹೊಸ ಲೇಔಟ್ ಉದ್ಘಾಟನೆ. ‘ಕೆಂಪು ಬಾಳಿ’ ಐದನೇ ನಿಮಿಷಕ್ಕೆ ಬಂದಿತ್ತು, ಹೊಲದ ಕಡೆಯಿಂದ ಬಂದ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದು ನಗುತ್ತಾ ಕಾಲು ಕುಣಿಸುತ್ತಿದ್ದರು. ಕಾರು ಬಂತು. ನಿಂತಿತು. ಕಾರೂ ನಿಂತಿತು, ನಾವೂ ನಿಂತೆವು. ಕಾಲೇಜಿನಲ್ಲಿ ಹಾಗೇ. ಎರಡು ಜಯಂತಿಗಳಲ್ಲಿ ಹಾಗೇ.

ಗಾಜಿಪುರದ್ದನ್ನು ಹೇಳಲೇಬೇಕು. ಅಲ್ಲಿ ಯಾವ ಸಾಹೇಬರೂ ಇರಲಿಲ್ಲ. ಸ್ಥಳೀಯ ಕಲಾವಿದರಿಗೆ ಸನ್ಮಾನ ಎಂದು ಕಪಿಲಣ್ಣನ ಹೆಸರೇ ಇತ್ತು. ಅವರು ಕಣ್ಣು ಮುಚ್ಚಿ ಆರನೇ ನಿಮಿಷದಲ್ಲಿದ್ದಾರೆ. ಸಂಘಟಕರು ಹಿಂದಿನಿಂದ ಬಂದು ಶಾಲು ಹೊದಿಸಿಬಿಟ್ಟರು. ಶಾಲಿನ ಅಂಚು ಜಾರಿ ತಂತಿಯ ಮೇಲೆ ಬಿತ್ತು, ಗಿಟಾರ್ ಗಪ್ ಆಯಿತು. ನೀವು ನಗುತ್ತಿದ್ದೀರಿ. ಅವರೂ ನಕ್ಕರು. “ನನಗ ಮರ್ಯಾದಿ ಮಾಡ್ಲಾಕ ನನ್ನ ಹಾಡೇ ನಿಂದರ್ಸಿದ್ರು ನೋಡು” ಎಂದು ಶಾಲನ್ನು ಮಡಚಿ ನನ್ನ ಕೀಬೋರ್ಡಿನ ಮೇಲೆ ಧೂಳಿಗೆ ಹೊದಿಸಿದರು. ಇವತ್ತಿಗೂ ಅದೇ ಶಾಲು ಅದರ ಮೇಲಿದೆ, ಅಗೋ ವೇದಿಕೆಯ ಮೂಲೆಯಲ್ಲಿ, ಡ್ರಮ್ಮಿನ ಪಕ್ಕ.

ಹಾಗಾದರೆ ರೆಕಾರ್ಡ್ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಜಗಳವಾಡಿದೆ. ಗಾಜಿಪುರದಲ್ಲಿ ಮಜರ್ ಮನೆಯ ಮಾಳಿಗೆ ಮೇಲೆ ನಮ್ಮ ಪ್ರಾಕ್ಟೀಸು — ಮಜರ್ ನಮ್ಮ ಡ್ರಮ್ಮರ್, ಅಲ್ಲಿ ಬಾಗಿಲ ಹತ್ತಿರ ನಿಂತಿದ್ದಾನೆ, ಕೂರು ಎಂದರೆ ಕೂರುತ್ತಿಲ್ಲ. ಆ ಮಾಳಿಗೆಯ ಮೇಲೆ ಒಂದು ಮೊಬೈಲ್ ಇಟ್ಟರೂ ಸಾಕಿತ್ತು. ಕಪಿಲಣ್ಣ ಒಪ್ಪಲಿಲ್ಲ. ಯಾಕೆಂದರೆ ‘ಕೆಂಪು ಬಾಳಿ’ಯ ಕೊನೆ ಹೀಗಿದೆ: ನಾವು ಎಲ್ಲರೂ ಒಂದೇ ಏಟಿಗೆ ಗಪ್ಪನೆ ನಿಲ್ಲುತ್ತೇವೆ. ಆಮೇಲೆ ಹದಿನಾರು ಎಣಿಕೆ ಪೂರಾ ಖಾಲಿ. ಏನೂ ಇಲ್ಲ. ಹದಿನಾರು ಆದ ಮೇಲೆ ‘ಒಂದು’ — ಎಲ್ಲರೂ ಸೇರಿ ಒಂದೇ ಏಟು. ಮುಗಿಯಿತು.

“ಆ ಖಾಲಿಯೊಳಗ ಮಂದಿ ಕಾಲು ಸಪ್ಪಳ ಕೇಳ್ಬೇಕು ತಂಗಿ,” ಎನ್ನುತ್ತಿದ್ದರು. “ನಾವು ಸುಮ್ಕಾದ್ರೂ ಅವರ ಕಾಲು ಎಣಿಸ್ತಾವ. ಮಾಳಗಿ ಮ್ಯಾಲ ಯಾರ ಕಾಲು ಅದಾವ? ಮುಂದಿನ ಸಲ ಆಗ್ತದ ಬಿಡು.”

ಮುಂದಿನ ಸಲ. ಮುಂದಿನ ಸಲ. ಎದೆ ಹಿಡಿದುಕೊಂಡಂತಾಗುತ್ತಿದೆ ಎಂದು ಮಜರ್‌ಗೆ ಹೇಳಿ, ಅವನು ಡಾಕ್ಟರ್ ಹತ್ತಿರ ನಡಿ ಎಂದಾಗಲೂ, ಮಿರ್ಚಿ ಭಜಿ ಜಾಸ್ತಿ ಆಯಿತು, ಮುಂದಿನ ವಾರ ನೋಡೋಣ ಎಂದರಂತೆ. ನಲವತ್ತಾರು ವರ್ಷಕ್ಕೇ ಹೋಗಿಬಿಟ್ಟರು. ಕಪಿಲಣ್ಣ, ನಿಮ್ಮ ಮೇಲೂ ನನಗೆ ಸಿಟ್ಟಿದೆ. ಸಭೆಯಲ್ಲಿ ಹೇಳಬಾರದು, ಹೇಳುತ್ತಿದ್ದೇನೆ.

ಈಗ — ಎಲ್ಲರನ್ನೂ ಬೈದೆ. ಇನ್ನೊಬ್ಬರು ಉಳಿದಿದ್ದಾರೆ.

ಎರಡು ತಿಂಗಳ ಹಿಂದೆ ಕಮಲಾಪುರದಲ್ಲಿ ಸಂಜೆ ಕಾರ್ಯಕ್ರಮ. ಅವರದೇ ಊರು. ಭೀಮಬಾಯಿ ಅವ್ವ ಮುಂದೆ ಚಾಪೆಯ ಮೇಲೆ ಕೂತಿದ್ದರು. ಮುಖ್ಯ ಅತಿಥಿಗಳ ಕಾರು ದಾರಿಯಲ್ಲಿ ಪಂಕ್ಚರ್ ಆಯಿತು ಎಂದು ಫೋನ್ ಬಂತು. ಕಪಿಲಣ್ಣ ನನ್ನ ಕಡೆ ನೋಡಿದರು, ಹುಬ್ಬು ಹಾರಿಸಿದರು. ಶುರು ಮಾಡಿದೆವು. ನಾಲ್ಕು ನಿಮಿಷ. ಐದು. ಆರು. ಚೀಟಿ ಬರಲಿಲ್ಲ, ಶಾಲು ಬರಲಿಲ್ಲ. ಇಡೀ ಮೈದಾನದ ಕಾಲು ಒಂದೇ ಸಮ ಬೀಳುತ್ತಿತ್ತು, ಧೂಳು ಎದ್ದಿತ್ತು. ಇನ್ನು ಅರ್ಧ ನಿಮಿಷ.

ವೇದಿಕೆಯ ಹಿಂದೆ ನನ್ನ ಕೂಸು ಅತ್ತಿತು.

ಹಸಿವಿನ ಅಳು ಆಗಿರಲಿಲ್ಲ. ತಾಯಂದಿರಿಗೆ ಗೊತ್ತು, ಒಂದು ಅಳು ಇರುತ್ತದೆ, ಕೈಕಾಲು ತಣ್ಣಗಾಗಿಸುತ್ತದೆ. ಏನಾಯಿತೋ ಎಂದು ನನ್ನ ಕೈಗಳು ಕೀಬೋರ್ಡಿನಿಂದ ಎದ್ದುಬಿಟ್ಟವು. ನಾನು ಇಳಿದು ಓಡಿದೆ. ನೋಡಿದರೆ ಇರುವೆ ಕಚ್ಚಿತ್ತು. ಒಂದು ಇರುವೆ. ನಮ್ಮ ತಾಯಿ ಅಷ್ಟರಲ್ಲಿ ಒರೆಸಿಯೂ ಆಗಿತ್ತು.

ನನ್ನ ಹಿಂದೆ ಸಂಗೀತ ನಿಂತಿತು. ಅವರು ಮುಗಿಸಬಹುದಿತ್ತು. ಕೈ ಎತ್ತಿ ಮಜರ್‌ನನ್ನು ನಿಲ್ಲಿಸಿದವರು ಕಪಿಲಣ್ಣನೇ. ಎಲ್ಲರೂ ಕೂಡಿ ನಿಲ್ಲಬೇಕಾದ ಕಡೆ ಒಬ್ಬರು ಇಲ್ಲದಿದ್ದರೆ ಅದು ಕೊನೆ ಆಗುವುದಿಲ್ಲ ಎನ್ನುವುದು ಅವರ ಲೆಕ್ಕ. ಹಿಂದೆ ಬಂದರು, ಗಿಟಾರ್ ಕೊರಳಲ್ಲೇ ಇತ್ತು. ನಾನು ಅಳುತ್ತಿದ್ದೆ, ಕೂಸು ಸುಮ್ಮನಾಗಿತ್ತು.

“ಅಣ್ಣಾ, ನಾನೂ ಅವರಂಗೇ ಮಾಡಿದೆನಲ್ಲ,” ಎಂದೆ.

“ಹುಚ್ಚಿ. ಇಷ್ಟು ದಿನಕ್ಕ ಒಬ್ಬರರ ಖರೇ ಅತಿಥಿ ಬಂದಾರ,” ಎಂದು ಬೆರಳು ಮಡಚಿ ಅದರ ಗಲ್ಲ ಮುಟ್ಟಿದರು. “ಮುಂದಿನ ಸಲ ಇಕಿನ್ನ ಮುಂದ ಕುಂದರ್ಸಿ ಬಾರ್ಸೋಣು.”

ಆಮೇಲೆ ಮುಂದಿನ ಸಲ ಬರಲಿಲ್ಲ. ಕೂಸು ಮಲಗಿದರೂ ನಾನು ಮಲಗುವುದಿಲ್ಲ. ಎಣಿಸುತ್ತಿರುತ್ತೇನೆ. ಹದಿನಾರರ ತನಕ ಎಣಿಸುತ್ತೇನೆ, ಮುಂದೆ ಏಟು ಇಲ್ಲ, ಮತ್ತೆ ಎಣಿಸುತ್ತೇನೆ.

ಏನ್ರೀ? — ಕೊಡಿ.

ನೋಡಿ. ಚೀಟಿ ಬಂತು. ಸಂಘದ ಕಾರ್ಯದರ್ಶಿ ವಿವೇಕಾನಂದ ಸರ್ ಕಳಿಸಿದ್ದಾರೆ. ‘ಸಾಹೇಬರು ರಿಂಗ್ ರೋಡಿಗೆ ಬಂದಿದ್ದಾರೆ. ಬೇಗ ಮುಗಿಸಿ. ಸ್ವಾಗತ ಇದೆ.’

ಸರ್, ನಿಮ್ಮ ಮೇಲೆ ನನಗೆ ಗೌರವವಿದೆ. ಈ ಸಭಾಭವನ ಕೊಡಿಸಿದವರು ನೀವು, ಚಹಾ ಹೇಳಿದವರು ನೀವು. ಸಾಹೇಬರೂ ಪಾಪ ಕೆಲಸ ಬಿಟ್ಟು ಬರುತ್ತಿದ್ದಾರೆ. ಅವರು ಬರಲಿ. ಬಂದು ಬಾಗಿಲಲ್ಲಿ ನಿಲ್ಲಲಿ, ಮಜರ್ ನಿಂತ ಜಾಗ ಈಗ ಖಾಲಿ ಆಗುತ್ತದೆ. ಮಜರ್, ಬಾ. ಡ್ರಮ್ಮಿಗೆ ಕೂರು. ಹಾರವನ್ನು ಆಮೇಲೆ ಹಾಕೋಣ. ಇವತ್ತು ಒಂದು ದಿನ, ಒಂದೇ ಒಂದು ದಿನ, ನಿಲ್ಲಿಸುವುದಿಲ್ಲ.

ಮಾಯಾ, ಗಿಟಾರ್ ತೆಗೆದುಕೊಳ್ಳವ್ವ.

ಮಾಯಾಗೆ ಹದಿನಾಲ್ಕು ವರ್ಷ. ಈ ಕೊನೆಯ ಅರ್ಧ ನಿಮಿಷವನ್ನು ಅಪ್ಪ ಅವಳಿಗೆ ಕಲಿಸಿದ್ದಾರೆ. ತಪ್ಪಬಹುದು. ತಪ್ಪಿದರೆ ಚಪ್ಪಾಳೆ ಹೊಡೆದು ಅವಳನ್ನು ಉಳಿಸಲು ಹೋಗಬೇಡಿ, ಮುಂದೆ ಹೋಗಲು ಬಿಡಿ. ಮೈಕ್‌ನವರೇ, ಧಮ್ ಧಮ್ ಪೂರಾ ಏರಿಸಿ. ಅಮ್ಮ, ನನ್ನ ಕೂಸನ್ನು ಮುಂದೆ ತನ್ನಿ, ಭೀಮಬಾಯಿ ಅವ್ವನವರ ತೊಡೆಯ ಮೇಲೆ ಕೂರಿಸಿ. ಅತ್ತರೂ ನನ್ನ ಕೈ ಇವತ್ತು ಏಳುವುದಿಲ್ಲ. ಅಜ್ಜಿ ಇದ್ದಾರೆ, ಇರುವೆ ಇದ್ದರೆ ತೆಗೆಯುತ್ತಾರೆ.

ಈಗ ದಯವಿಟ್ಟು ಭೀಮಬಾಯಿ ಅವ್ವ ಒಬ್ಬರನ್ನು ಬಿಟ್ಟು ಎಲ್ಲರೂ ಎದ್ದು ನಿಲ್ಲಿ. ವೇದಿಕೆಯ ಹಿರಿಯರೂ. ಚಪ್ಪಲಿ ಬಿಡುವವರು ಬಿಡಿ, ನೆಲಕ್ಕೆ ಕಾಲು ಚೆನ್ನಾಗಿ ಮುಟ್ಟಲಿ. ನಾವು ಅರ್ಧ ನಿಮಿಷ ಬಾರಿಸುತ್ತೇವೆ. ನಾವು ನಿಂತಲ್ಲಿಂದ ನಿಮ್ಮ ಮೌನ. ಮೌನ ಮುಗಿಯಿತು ಎಂದು ಮೈಕಿನಲ್ಲಿ ಯಾರೂ ಹೇಳುವುದಿಲ್ಲ. ನೀವು ಕಾಲಿನಲ್ಲಿ ಎಣಿಸುತ್ತಿರಿ. ಹದಿನಾರು ದಾಟಿದರೂ ಕೂರಬೇಡಿ, ಆ ಹುಡುಗಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತಿರಿ. ಮಾಯಾ ‘ಒಂದು’ ಹೊಡೆದಾಗ ಕಪಿಲಣ್ಣನ ಹಾಡು ಮುಗಿಯುತ್ತದೆ.

ಎದ್ದಿರಾ ಎಲ್ಲರೂ? — ಮಜರ್, ಎಣಿಸು.